ನೀಲಿ ಕೋಟು ತೊಟ್ಟು ಸಮ್ಮೇಳನಕ್ಕೆ



ದೂರದರ್ಶನದಲ್ಲಿ ಕೃಷಿ ಕಾರ್ಯಕ್ರಮ ಆರಂಭವಾಯಿತೆಂದರೆ ನಿಮ್ಮಲ್ಲಿ ಅನೇಕರು ಎದ್ದು ಒಳಗೆ ಹೋಗಿಬಿಡುತ್ತೀರಿ ಎಂಬುದು ನಿರ್ಮಾಪಕನಾದ ನನಗೆ ತಿಳಿಯದ ಸಂಗತಿಯೇನಲ್ಲ. 1967ರ ಜನವರಿ 26ರಂದು ದೆಹಲಿಯಿಂದ ‘ಕೃಷಿ ದರ್ಶನ’ ಮೊದಲ ಬಾರಿಗೆ ಪ್ರಸಾರವಾಯಿತು. ಅಂದಿನಿಂದ ಇಂಥ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ನೋಟ. ಮೇಜಿನ ಈ ಕಡೆ ತಜ್ಞರು, ಆ ಕಡೆ ಪ್ರಶ್ನೆ ಕೇಳುವ ರೈತರು. ಕೇಳುವವರು ಸಾಮಾನ್ಯವಾಗಿ ನಡುವಯಸ್ಸು ದಾಟಿದವರು. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ಬೇಸಾಯದ ವಿಷಯವಾಗಿ ವೇದಿಕೆ ಹತ್ತಿ ಸಾವಿರಾರು ಜನರೆದುರು ಮಾತನಾಡುವುದು ನಮ್ಮಲ್ಲಿ ಅಪರೂಪ. ಅಂಥ ನೋಟ ವರ್ಷವರ್ಷವೂ ಕಾಣಸಿಗುವ ಒಂದು ಕಡೆಗೆ ಇಂದು ನಿಮ್ಮನ್ನು ಕರೆದೊಯ್ಯುತ್ತೇನೆ. ಅದು ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯ.

ಭೂಪಟದಲ್ಲಿ ಅಯೋವಾವನ್ನು ಹುಡುಕುವುದು ಸುಲಭ. ಪೂರ್ವದ ಗಡಿ ಮಿಸಿಸಿಪಿ ನದಿ, ಪಶ್ಚಿಮದ ಗಡಿ ಬಹುಮಟ್ಟಿಗೆ ಮಿಸೌರಿ ನದಿ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮುಕ್ಕಾಲು ಪಾಲು. ಜನಸಂಖ್ಯೆ ಮಾತ್ರ ಸುಮಾರು 32 ಲಕ್ಷ. ಹಂದಿಗಳ ಸಂಖ್ಯೆ ಎರಡು ಕೋಟಿಗೂ ಹೆಚ್ಚು! ಮೆಕ್ಕೆಜೋಳ ಬೆಳೆಯುವುದರಲ್ಲಿ ಅಮೆರಿಕಕ್ಕೆ ಮೊದಲನೆಯದು. ದಾವಣಗೆರೆ, ಹಾವೇರಿ ಕಡೆಯವರು ಆ ಹೊಲಗಳ ಚಿತ್ರ ನೋಡಿದರೆ ಬೆಳೆಯನ್ನು ತಕ್ಷಣ ಗುರುತಿಸುತ್ತಾರೆ, ಆದರೆ ಬದುವನ್ನು ಹುಡುಕಿ ಬೇಸರಪಡುತ್ತಾರೆ. ಅಲ್ಲಿ ಒಂದು ಹಿಡುವಳಿಯ ಸರಾಸರಿ ಗಾತ್ರ 340 ಎಕರೆಗೂ ಹೆಚ್ಚು.

ಆದರೆ ಈ ದೊಡ್ಡ ಹಿಡುವಳಿಗಳ ಹಿಂದೆ ಒಂದು ಕಹಿ ಲೆಕ್ಕವೂ ಇದೆ. 1930ರ ದಶಕದಲ್ಲಿ ಅಯೋವಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಿಡುವಳಿಗಳಿದ್ದವು. 2022ರ ಗಣತಿಯ ವೇಳೆಗೆ ಉಳಿದದ್ದು ಸುಮಾರು 87 ಸಾವಿರ. 1981ರಿಂದ 1986ರ ನಡುವೆ ಅಲ್ಲಿಯ ಕೃಷಿಭೂಮಿಯ ಬೆಲೆ ಶೇಕಡ 60ಕ್ಕಿಂತ ಹೆಚ್ಚು ಕುಸಿಯಿತು. ಭೂಮಿಯನ್ನು ಅಡವಿಟ್ಟು ಸಾಲ ಮಾಡಿದವರು ಬೀದಿಗೆ ಬಂದರು. ‘ನಮ್ಮ ಮಕ್ಕಳಿಗೆ ಈ ಕಸುಬು ಬೇಡ’ ಎಂದು ಅಪ್ಪ ಅಮ್ಮ ಹೇಳುವುದು ಮಂಡ್ಯ, ರಾಯಚೂರಿನ ಮಾತು ಮಾತ್ರವಲ್ಲ. ಹಾಗಿದ್ದೂ ಅಲ್ಲಿಯ ಪ್ರೌಢಶಾಲೆಗಳಲ್ಲಿ ಕೃಷಿ ಒಂದು ಪಾಠವಾಗಿ ಉಳಿದಿದೆ. ಅದರ ಜೊತೆಗೆ ಒಂದು ವಿದ್ಯಾರ್ಥಿ ಸಂಘವೂ ಉಳಿದಿದೆ.

ಆ ಸಂಘದ ಹೆಸರು ಎಫ್.ಎಫ್.ಎ. ಮೊದಲು ಇದರ ಪೂರ್ಣ ಹೆಸರು ‘ಅಮೆರಿಕದ ಭಾವೀ ರೈತರು’ ಎಂಬ ಅರ್ಥದ್ದಾಗಿತ್ತು. 1917ರ ಒಂದು ಕಾಯಿದೆಯಿಂದ ಅಮೆರಿಕದ ಪ್ರೌಢಶಾಲೆಗಳಲ್ಲಿ ಕೃಷಿ ಬೋಧನೆಗೆ ಕೇಂದ್ರದ ಹಣ ದೊರೆಯಿತು. ಆ ತರಗತಿಗಳ ಹುಡುಗರು, 18 ರಾಜ್ಯಗಳಿಂದ ಬಂದ 33 ಮಂದಿ, 1928ರಲ್ಲಿ ಕ್ಯಾನ್ಸಸ್ ಸಿಟಿಯ ಒಂದು ಹೋಟೆಲಿನಲ್ಲಿ ಕೂಡಿ ಸಂಘ ಕಟ್ಟಿದರು. 1988ರಲ್ಲಿ ಹೆಸರಿನಿಂದ ‘ರೈತ’ ಎಂಬ ಪದವನ್ನು ಬಿಟ್ಟು ಮೂರು ಅಕ್ಷರಗಳನ್ನಷ್ಟೇ ಉಳಿಸಿಕೊಂಡರು. ಸದಸ್ಯರಲ್ಲಿ ಬಹಳಷ್ಟು ಮಂದಿ ನೇಗಿಲು ಹಿಡಿಯುವವರಲ್ಲ, ಪಶುವೈದ್ಯರೋ ಆಹಾರ ವಿಜ್ಞಾನಿಗಳೋ ಶಿಕ್ಷಕರೋ ಆಗುವವರು ಎಂಬುದು ಆ ವೇಳೆಗೆ ಸ್ಪಷ್ಟವಾಗಿತ್ತು. 1994ರಲ್ಲಿ ಷಿಕಾಗೋ ನಗರದ ಕೃಷಿ ವಿಜ್ಞಾನ ಪ್ರೌಢಶಾಲೆಯಿಂದ ಬಂದ ಕೋರಿ ಫ್ಲೋರ್ನಾಯ್ ಎಂಬ ಕರಿಯ ಯುವಕ ರಾಷ್ಟ್ರಾಧ್ಯಕ್ಷನಾದ. 2023-24ರಲ್ಲಿ ಸದಸ್ಯರ ಸಂಖ್ಯೆ 10 ಲಕ್ಷ ದಾಟಿತು.

ಇವರನ್ನು ಗುರುತಿಸುವುದು ಕೋಟಿನಿಂದ. ನಮ್ಮ ರೈತ ಸಂಘದವರಿಗೆ ಹಸಿರು ಶಾಲು ಇದ್ದಂತೆ ಇವರಿಗೆ ನೀಲಿ ಕಾರ್ಡುರಾಯ್ ಕೋಟು. 1933ರಲ್ಲಿ ಒಹಾಯೋ ರಾಜ್ಯದ ಫ್ರೆಡರಿಕ್‌ಟೌನ್ ಎಂಬ ಊರಿನ ಹುಡುಗರ ವಾದ್ಯತಂಡ ಈ ಕೋಟು ತೊಟ್ಟು ರಾಷ್ಟ್ರೀಯ ಸಮ್ಮೇಳನಕ್ಕೆ ಬಂದಿತು. ಪ್ರತಿನಿಧಿಗಳಿಗೆ ಎಷ್ಟು ಇಷ್ಟವಾಯಿತೆಂದರೆ ಅದನ್ನೇ ಸಂಘದ ಅಧಿಕೃತ ಉಡುಪನ್ನಾಗಿ ಮಾಡಿಕೊಂಡರು. ಬೆನ್ನ ಮೇಲೆ ಚಿನ್ನದ ಬಣ್ಣದ ದಾರದಲ್ಲಿ ರಾಜ್ಯದ ಹೆಸರು, ಎದೆಯ ಮೇಲೆ ತೊಟ್ಟವರ ಹೆಸರು ಮತ್ತು ಹುದ್ದೆ. ಅದು ಬಹಳ ದಪ್ಪ ಬಟ್ಟೆ. ಸೆಕೆಗಾಲದಲ್ಲಿ ಅದನ್ನು ತೊಟ್ಟು ನಗುತ್ತಾ ನಿಲ್ಲುವುದೂ ಒಂದು ತರಬೇತಿಯೇ ಇರಬೇಕು.

ಇನ್ನು ಪಯಣಕ್ಕೆ ಒಬ್ಬ ಪ್ರಯಾಣಿಕರು ಬೇಕಲ್ಲ. ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಆಕೆ ನಾನು ಕಟ್ಟಿಕೊಂಡ ಪಾತ್ರ. ಆಕೆ ಸಾಗುವ ದಾರಿ, ನೋಡುವ ಸ್ಥಳ, ಕೇಳುವ ಸಂಗತಿಗಳು ಮಾತ್ರ ನಿಜವಾದವು. ವಯಸ್ಸು ಹತ್ತೊಂಬತ್ತು. ಊರು ಅಯೋವಾದ ವಾಯವ್ಯಕ್ಕಿರುವ ಸ್ಯಾಕ್ ಕೌಂಟಿ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ತಾಲ್ಲೂಕು; ಅಯೋವಾದಲ್ಲಿ ಅಂಥವು 99 ಇವೆ. ಕಳೆದ ಏಪ್ರಿಲ್‌ನಲ್ಲಿ ಆಕೆ ಸಂಘದ ರಾಜ್ಯ ಪದಾಧಿಕಾರಿಯಾಗಿ ಚುನಾಯಿತಳಾದಳು. ಅವಧಿ ಒಂದೇ ವರ್ಷ. ಆ ವರ್ಷವಿಡೀ ಕಾಲೇಜಿನ ಪಾಠದ ನಡುವೆ ಬಿಡುವು ಮಾಡಿಕೊಂಡು ಶಾಲೆಯಿಂದ ಶಾಲೆಗೆ ಓಡಾಡಿದ್ದಾಳೆ. ಈ ಏಪ್ರಿಲ್‌ನಲ್ಲಿ ರಾಜ್ಯ ಸಮ್ಮೇಳನ. ಅಲ್ಲಿ ವಿದಾಯ ಭಾಷಣ ಮಾಡಿ ಹುದ್ದೆಯನ್ನು ಮುಂದಿನವರಿಗೆ ಒಪ್ಪಿಸಬೇಕು. ಭಾಷಣ ಇನ್ನೂ ಅರ್ಧವಾಗಿದೆ.

ಸ್ಯಾಕ್ ಸಿಟಿಯಿಂದ ಸಮ್ಮೇಳನ ನಡೆಯುವ ಏಮ್ಸ್ ಪಟ್ಟಣಕ್ಕೆ ಸುಮಾರು 150 ಕಿಲೋಮೀಟರು. ಊರು ಬಿಡುವ ಮುನ್ನ ರಸ್ತೆ ಬದಿಯ ಒಂದು ಗಾಜಿನ ಮನೆಯಲ್ಲಿ ವಿಚಿತ್ರವಾದ ವಸ್ತುವೊಂದು ಕಾಣುತ್ತದೆ. ಅರಳುಜೋಳಕ್ಕೆ ಪಾಕ ಹಾಕಿ ಕಟ್ಟಿದ, ನಾಲ್ಕು ಟನ್ನಿಗೂ ಹೆಚ್ಚು ತೂಕದ ಉಂಡೆ. 2016ರಲ್ಲಿ ಊರವರೆಲ್ಲ ಸೇರಿ ಕಟ್ಟಿದ್ದು, ದಾಖಲೆಗಾಗಿ. ಊರಿನ ಪಕ್ಕದಲ್ಲೇ ಹರಿಯುವುದು ಉತ್ತರ ರಕೂನ್ ನದಿ. ಈ ನದಿಯ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಏಮ್ಸ್ ತಲುಪುವ ಮುಂಚೆ ಬೂನ್ ಎಂಬ ಊರಿದೆ. ಇದರ ಹತ್ತಿರ 1881ರ ಜುಲೈ 6ರ ರಾತ್ರಿ ಬಿರುಗಾಳಿ ಮಳೆಗೆ ರೈಲು ಸೇತುವೆಯೊಂದು ಕುಸಿದು ಎಂಜಿನ್ ಹಳ್ಳಕ್ಕೆ ಬಿತ್ತು. ಕೇಟ್ ಶೆಲ್ಲಿ ಎಂಬ ಹದಿಹರೆಯದ ಹುಡುಗಿ ಕತ್ತಲಲ್ಲಿ ಇನ್ನೊಂದು ಉದ್ದನೆಯ ಸೇತುವೆಯನ್ನು ಕೈಕಾಲೂರಿ ತೆವಳುತ್ತಾ ದಾಟಿ, ನಿಲ್ದಾಣಕ್ಕೆ ಓಡಿ, ಹಿಂದೆ ಬರುತ್ತಿದ್ದ ಪ್ರಯಾಣಿಕರ ರೈಲು ನಿಲ್ಲುವಂತೆ ಮಾಡಿದಳು. ಈಗಿನ ಎತ್ತರದ ಸೇತುವೆಗೆ ಆಕೆಯದೇ ಹೆಸರು. ಶಾಲೆಯ ಪ್ರವಾಸದ ಬಸ್ಸುಗಳು ಇಲ್ಲಿ ನಿಲ್ಲುತ್ತವೆಂದರೆ ಆಶ್ಚರ್ಯವಿಲ್ಲ.

ಏಮ್ಸ್ ಎಂದರೆ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯ. ಅನೇಕ ವರ್ಷ ಸಮ್ಮೇಳನ ನಡೆದಿರುವುದು ಅದರ ಹಿಲ್ಟನ್ ಕೊಲಿಸಿಯಂ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ. ದೀಪಗಳು, ದೊಡ್ಡ ಪರದೆ, ಅಬ್ಬರದ ಸಂಗೀತ ಎಲ್ಲವೂ ಇವೆ. ನಮ್ಮ ಸ್ಟುಡಿಯೋಗಳು ನಾಚಬೇಕು. ಆದರೆ ಇವೆಲ್ಲದರ ನಡುವೆ ಸಭೆ ಆರಂಭವಾಗುವ ಕ್ರಮ ಮಾತ್ರ ಬಹಳ ಹಳೆಯದು. ಪದಾಧಿಕಾರಿಗಳು ಒಬ್ಬೊಬ್ಬರೂ ಒಂದೊಂದು ಲಾಂಛನದ ಬಳಿ ನಿಲ್ಲುತ್ತಾರೆ. ಅಧ್ಯಕ್ಷರದು ಉದಯಿಸುವ ಸೂರ್ಯ, ಉಪಾಧ್ಯಕ್ಷರದು ನೇಗಿಲು, ಕಾರ್ಯದರ್ಶಿಯದು ಮೆಕ್ಕೆಜೋಳದ ತೆನೆ, ಮಾರ್ಗದರ್ಶಿ ಶಿಕ್ಷಕರದು ಗೂಬೆ. ನಮ್ಮಲ್ಲಿ ಮೇಷ್ಟರನ್ನು ಗೂಬೆಯ ಪಕ್ಕ ನಿಲ್ಲಿಸಿದರೆ ಏನಾಗುತ್ತದೋ ನಾನು ಹೇಳಲಾರೆ. ಅಲ್ಲಿ ಅದು ಜ್ಞಾನದ ಗುರುತು. ಅಧ್ಯಕ್ಷರ ಕೈಯಲ್ಲಿ ಮರದ ಸುತ್ತಿಗೆ. ಎರಡು ಸಲ ಕುಟ್ಟಿದರೆ ಸಭೆ ಆರಂಭ, ಮೂರು ಸಲ ಕುಟ್ಟಿದರೆ ಎಲ್ಲರೂ ಏಳಬೇಕು, ಒಂದು ಸಲ ಕುಟ್ಟಿದರೆ ಕೂರಬೇಕು. ಇಡೀ ಕ್ರೀಡಾಂಗಣ ಒಂದೇ ಏಟಿಗೆ ಕೂರುತ್ತದೆ.

ಇಲ್ಲಿಯ ಸ್ಪರ್ಧೆಗಳಲ್ಲಿ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಸಭಾ ನಡಾವಳಿಯ ಸ್ಪರ್ಧೆ. ಅಲ್ಲಿ ದನ ಕಟ್ಟುವುದಿಲ್ಲ, ಮಣ್ಣು ಅಳೆಯುವುದಿಲ್ಲ. ಆರೇಳು ಹುಡುಗ ಹುಡುಗಿಯರು ಮೇಜಿನ ಸುತ್ತ ಕುಳಿತು ಸಭೆ ನಡೆಸಿ ತೋರಿಸಬೇಕು, ಅಷ್ಟೆ. ಒಂದು ಉದಾಹರಣೆ ನೋಡಿ. ‘ಸಂಘದ ಹಣದಿಂದ ಶಾಲೆಯ ಹಿಂದೆ ಗಿಡ ನೆಡಬೇಕು’ ಎಂದು ಒಬ್ಬರು ಠರಾವು ಮಂಡಿಸುತ್ತಾರೆ. ಇನ್ನೊಬ್ಬರು ಅನುಮೋದಿಸದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಅನುಮೋದನೆ ಸಿಕ್ಕಿತು ಎನ್ನೋಣ. ಮೂರನೆಯವರು ಎದ್ದು ‘ಗಿಡ ಎಂಬಲ್ಲಿ ಹಣ್ಣಿನ ಗಿಡ ಎಂದಾಗಲಿ’ ಎಂದು ತಿದ್ದುಪಡಿ ಸೂಚಿಸುತ್ತಾರೆ. ಮತಕ್ಕೆ ಹಾಕಬೇಕಾದದ್ದು ಮೊದಲು ತಿದ್ದುಪಡಿಯನ್ನು, ಆಮೇಲೆ ಮೂಲ ಠರಾವನ್ನು. ಠರಾವಿಗೆ ವಿರೋಧವಾಗಿ ಮಾತನಾಡುವವರಿಗೂ ಅವಕಾಶ ಕೊಡಬೇಕು. ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ತುರುಕುವಂತಿಲ್ಲ. 1876ರಲ್ಲಿ ಹೆನ್ರಿ ರಾಬರ್ಟ್ ಎಂಬ ಸೇನಾ ಎಂಜಿನಿಯರು ಬರೆದ ನಿಯಮಗಳ ಪುಸ್ತಕ ಇದಕ್ಕೆಲ್ಲ ಆಧಾರ. ನಮ್ಮ ಹಾಲಿನ ಸೊಸೈಟಿಯ ವಾರ್ಷಿಕ ಸಭೆಗಳನ್ನು ನೀವು ನೋಡಿದ್ದರೆ, ಜೋರಾಗಿ ಕೂಗಿದವರ ಮಾತು ಹೇಗೆ ನಿರ್ಣಯವಾಗುತ್ತದೆಂಬುದು ನಿಮಗೆ ಗೊತ್ತಿರುತ್ತದೆ. ಹದಿನಾರರ ವಯಸ್ಸಿಗೇ ಈ ಕ್ರಮ ಕೈಗೂಡಿದವರು ಊರಿನ ಸಹಕಾರ ಸಂಘಕ್ಕೆ ಬಂದರೆ ಯಾರೂ ಅವರನ್ನು ಸುಲಭವಾಗಿ ಬಾಯಿ ಮುಚ್ಚಿಸಲಾರರು.

ಆದರೆ ಈ ಮೇಜಿನ ಸುತ್ತ ಕೂರುವ ಹಕ್ಕು ಎಲ್ಲರಿಗೂ ಒಟ್ಟಿಗೆ ಸಿಗಲಿಲ್ಲ. ಹುಡುಗಿಯರಿಗೆ ರಾಷ್ಟ್ರೀಯ ಸಂಘದ ಪೂರ್ಣ ಸದಸ್ಯತ್ವ ದೊರೆತದ್ದು 1969ರಲ್ಲಿ, ಸಂಘ ಹುಟ್ಟಿ 41 ವರ್ಷಗಳ ಮೇಲೆ. ನಮ್ಮ ಪ್ರಯಾಣಿಕಳ ಅಜ್ಜಿಗೆ ಆ ಕೋಟು ತೊಡುವ ಅವಕಾಶ ಇರಲಿಲ್ಲ ಎಂದಾಯಿತು. ಕರಿಯ ಜನಾಂಗದ ವಿದ್ಯಾರ್ಥಿಗಳ ಕಥೆ ಇನ್ನೂ ಗಂಭೀರವಾದದ್ದು. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳೇ ಬೇರೆ ಬೇರೆಯಾಗಿದ್ದವು. ಹೀಗಾಗಿ ಅವರು 1935ರಲ್ಲಿ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ ‘ಅಮೆರಿಕದ ಹೊಸ ರೈತರು’ ಎಂಬ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅವರ ಕೋಟು ಕಪ್ಪು. ಸದಸ್ಯರು ಸುಮಾರು 50 ಸಾವಿರದವರೆಗೆ ಬೆಳೆದರು. 1965ರಲ್ಲಿ ಎರಡೂ ಸಂಘಗಳು ಒಂದಾದವು. ಆ ವರ್ಷದ ಸಮ್ಮೇಳನದ ವೇದಿಕೆಯ ಮೇಲೆ ಕಪ್ಪು ಕೋಟಿನ ಅಧ್ಯಕ್ಷ ತನ್ನ ಕೋಟು ತೆಗೆದು ನೀಲಿ ಕೋಟು ತೊಟ್ಟ. ಒಂದಾದದ್ದು ನಿಜ. ಆದರೆ ಉಳಿದದ್ದು ಒಂದರ ಹೆಸರು, ಒಂದರ ಬಣ್ಣ, ಒಂದರ ಲಾಂಛನ. ಹಿಂದೆ ತಮ್ಮ ಸಂಘದಲ್ಲಿ ಅಧ್ಯಕ್ಷರೂ ಮಾರ್ಗದರ್ಶಕರೂ ಆಗಿದ್ದ ಅನೇಕರು ಹೊಸ ಏರ್ಪಾಟಿನಲ್ಲಿ ಹಿಂದಿನ ಸಾಲಿಗೆ ಸರಿದರು. ಬಾಗಿಲು ತೆರೆಯುವುದೂ ವೇದಿಕೆ ಹಂಚಿಕೊಳ್ಳುವುದೂ ಒಂದೇ ಅಲ್ಲವೆಂಬುದು ಆ ವರ್ಷಗಳ ಅನುಭವ.

ಟಸ್ಕೀಗಿಯ ಹೆಸರು ಬಂದಿತಲ್ಲ, ಅದಕ್ಕೂ ಏಮ್ಸಿಗೂ ನೇರ ನಂಟಿದೆ. ಸಮ್ಮೇಳನದ ಬಿಡುವಿನಲ್ಲಿ ವಿಶ್ವವಿದ್ಯಾನಿಲಯದ ಆವರಣ ಸುತ್ತುವವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಹೆಸರನ್ನು ಕೇಳಿಯೇ ಕೇಳುತ್ತಾರೆ. ಗುಲಾಮ ತಾಯಿಯ ಮಗ. ಬಣ್ಣದ ಕಾರಣಕ್ಕೆ ಕ್ಯಾನ್ಸಸ್‌ನ ಒಂದು ಕಾಲೇಜು ಬಾಗಿಲು ಮುಚ್ಚಿತು. ಅಯೋವಾದ ಸಿಂಪ್ಸನ್ ಕಾಲೇಜಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ಅವರು ಗಿಡಗಳನ್ನು ಬರೆಯುವ ರೀತಿ ನೋಡಿದ ಅಧ್ಯಾಪಕಿಯೊಬ್ಬರು, ಏಮ್ಸಿಗೆ ಹೋಗಿ ಸಸ್ಯವಿಜ್ಞಾನ ಓದುವಂತೆ ಹೇಳಿದರು. 1891ರಲ್ಲಿ ಅಲ್ಲಿಯ ಮೊದಲ ಕರಿಯ ವಿದ್ಯಾರ್ಥಿಯಾಗಿ ಸೇರಿ, 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಟಸ್ಕೀಗಿಗೆ ಹೋದರು. ಕೊನೆಯವರೆಗೂ, ಎಂದರೆ 1943ರವರೆಗೆ, ಅಲ್ಲೇ ದುಡಿದರು. ಏಮ್ಸಿನಲ್ಲಿದ್ದಾಗ ಅವರು ಗಿಡ ಹುಡುಕಲು ಹೋಗುವಾಗ ಪ್ರಾಧ್ಯಾಪಕರೊಬ್ಬರ ಪುಟ್ಟ ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆ ಹುಡುಗ ಹೆನ್ರಿ ವ್ಯಾಲೇಸ್. ಮುಂದೆ ಆತ ಸಂಕರ ಮೆಕ್ಕೆಜೋಳದ ಬೀಜ ಮಾರುವ ಕಂಪನಿಯನ್ನು 1926ರಲ್ಲಿ ಸ್ಥಾಪಿಸಿದ. ಅನಂತರ ಅಮೆರಿಕದ ಕೃಷಿ ಕಾರ್ಯದರ್ಶಿಯಾದ, 1941ರಲ್ಲಿ ಉಪರಾಷ್ಟ್ರಪತಿಯಾದ. 1940ರ ಕೊನೆಗೆ ಆತ ಮೆಕ್ಸಿಕೋಗೆ ಹೋಗಿ ಅಲ್ಲಿಯ ಹೊಲಗಳನ್ನು ಕಂಡು ಬಂದದ್ದು, ಅಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಕೃಷಿ ಸಂಶೋಧನೆ ಆರಂಭವಾಗಲು ಒಂದು ಕಾರಣ. 1944ರಲ್ಲಿ ಆ ಕೆಲಸಕ್ಕೆ ಸೇರಿದವರು ಅಯೋವಾದ ಕ್ರೆಸ್ಕೋ ಬಳಿಯ ರೈತರ ಮಗ ನಾರ್ಮನ್ ಬೋರ್ಲಾಗ್. ಅವರ ಗಿಡ್ಡ ಗೋಧಿಯ 18 ಸಾವಿರ ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡಿತು. ಮುಂದಿನದು ನಿಮ್ಮ ಪಠ್ಯಪುಸ್ತಕದಲ್ಲಿದೆ.

ವಿಜ್ಞಾನ ಓದಿದವನಾದ್ದರಿಂದ ಇನ್ನೊಂದು ಮಾತನ್ನು ಬಿಡಲಾರೆ. ಇದೇ ಏಮ್ಸಿನಲ್ಲಿ ಭೌತವಿಜ್ಞಾನದ ಅಧ್ಯಾಪಕ ಜಾನ್ ಅಟನಾಸಾಫ್, ಎಷ್ಟು ಯೋಚಿಸಿದರೂ ಲೆಕ್ಕದ ಯಂತ್ರ ರೂಪ ತಾಳದೆ ಬೇಸತ್ತು, ಒಂದು ಚಳಿಗಾಲದ ರಾತ್ರಿ ಕಾರು ಹತ್ತಿ ಸುಮ್ಮನೆ ಓಡಿಸುತ್ತಾ ಪಕ್ಕದ ಇಲಿನಾಯ್ ರಾಜ್ಯದವರೆಗೂ ಹೋದರು. ರಸ್ತೆ ಬದಿಯ ಒಂದು ಪಾನಗೃಹದಲ್ಲಿ ಕುಳಿತಿದ್ದಾಗ ದ್ವಿಮಾನ ಅಂಕಗಳಿಂದ, ವಿದ್ಯುನ್ಮಾನ ಕೊಳವೆಗಳಿಂದ ಲೆಕ್ಕ ಮಾಡಿಸುವ ದಾರಿ ಹೊಳೆಯಿತು. ತಮ್ಮ ವಿದ್ಯಾರ್ಥಿ ಕ್ಲಿಫರ್ಡ್ ಬೆರಿಯೊಡನೆ ಭೌತವಿಜ್ಞಾನ ಕಟ್ಟಡದ ನೆಲಮಾಳಿಗೆಯಲ್ಲಿ ಆ ಯಂತ್ರವನ್ನು ಕಟ್ಟಿದರು. ಅದಕ್ಕೆ ಪೇಟೆಂಟ್ ಪಡೆಯುವ ಕೆಲಸ ಮಾತ್ರ ಯಾರಿಂದಲೂ ಆಗಲಿಲ್ಲ. 1973ರಲ್ಲಿ ನ್ಯಾಯಾಲಯ ಇನ್ನೊಂದು ಪ್ರಸಿದ್ಧ ಗಣಕಯಂತ್ರದ ಪೇಟೆಂಟನ್ನು ರದ್ದು ಮಾಡಿದಾಗ ಅಟನಾಸಾಫ್ ಹೆಸರು ಹೊರಬಂದಿತು. ಕೃಷಿ ಕಾಲೇಜೆಂದು ಹೊರಗಿನವರು ಮೂಗು ಮುರಿಯುತ್ತಿದ್ದ ಕಡೆ ಇದು ನಡೆಯಿತು ಎಂಬುದನ್ನು ಗಮನಿಸಿ. ದುಡಿಯುವ ಜನರ ಮಕ್ಕಳಿಗೆ ಕೃಷಿ ಮತ್ತು ಯಂತ್ರವಿದ್ಯೆ ಕಲಿಸಲೆಂದು 1862ರ ಕಾಯಿದೆಯಂತೆ ಭೂಮಿ ಕೊಟ್ಟು ಬೆಳೆಸಿದ ವಿಶ್ವವಿದ್ಯಾನಿಲಯಗಳಲ್ಲಿ ಇದೂ ಒಂದು. ಅದೇ ಮಾದರಿಯನ್ನು ಅನುಸರಿಸಿ 1964ರಲ್ಲಿ ಬೆಂಗಳೂರಿನ ನಮ್ಮ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು.

ಸಮ್ಮೇಳನ ಮುಗಿಯಿತು. ವಿದಾಯ ಭಾಷಣವೂ ಆಯಿತು; ಅದರಲ್ಲಿ ಆಕೆ ಅಪ್ಪ ಅಮ್ಮನನ್ನು, ಮೇಷ್ಟರನ್ನು ನೆನೆದಳು, ಚಪ್ಪಾಳೆ ಬಿದ್ದಿತು. ಮರುದಿನ ಬೇರೆ ರಾಜ್ಯದಿಂದ ಅತಿಥಿಯಾಗಿ ಬಂದಿದ್ದ ರಾಷ್ಟ್ರೀಯ ಪದಾಧಿಕಾರಿಗೆ ರಾಜಧಾನಿಯನ್ನು ತೋರಿಸುವ ಹೊಣೆ ಆಕೆಯದು. ಈ ರಾಷ್ಟ್ರೀಯ ಪದಾಧಿಕಾರಿಗಳು ಆರು ಮಂದಿ. ಓದನ್ನು ಒಂದು ವರ್ಷ ಬದಿಗಿಟ್ಟು, ತಲಾ ಒಂದು ಲಕ್ಷ ಮೈಲಿಗೂ ಹೆಚ್ಚು ಸುತ್ತುತ್ತಾರೆ. ರಾಜಧಾನಿಯ ಹೆಸರು ಡಿ ಮಾಯ್ನ್. ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ‘ಎಸ್’ ಅಕ್ಷರ ಇರುತ್ತವೆ, ಓದುವಾಗ ಎರಡನ್ನೂ ನುಂಗಬೇಕು. ಏಮ್ಸಿನಿಂದ ಅದು ಮುಕ್ಕಾಲು ಗಂಟೆಯ ದಾರಿ.

ಅಲ್ಲಿ ನೋಡಬೇಕಾದವು ಹಲವು. 1886ರಲ್ಲಿ ಪೂರ್ಣಗೊಂಡ ಶಾಸನಸಭೆಯ ಕಟ್ಟಡ, ಅದರ ಗುಮ್ಮಟಕ್ಕೆ 23 ಕ್ಯಾರೆಟ್ ಚಿನ್ನದ ಲೇಪ. ನಗರದ ಅಂಚಿನಲ್ಲಿ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಎಂಬ ಬಯಲು ವಸ್ತುಸಂಗ್ರಹಾಲಯ; ಅಲ್ಲಿ 1700ರ ಮೂಲನಿವಾಸಿಗಳ ಬೇಸಾಯ, 1850ರ ವಲಸಿಗರ ಬೇಸಾಯ, 1900ರ ಕುದುರೆಗಳ ಬೇಸಾಯ ಮೂರನ್ನೂ ನಿಜವಾಗಿ ಮಾಡಿ ತೋರಿಸುತ್ತಾರೆ. ಒಬ್ಬ ಸಾಮಾನ್ಯ ರೈತ ಕೈಯಾರೆ ಬರೆದ ಆಹ್ವಾನ ಪತ್ರವನ್ನು ಮನ್ನಿಸಿ ಪೋಪ್ ಎರಡನೇ ಜಾನ್ ಪಾಲ್ 1979ರ ಅಕ್ಟೋಬರ್ 4ರಂದು ಇಲ್ಲಿಗೆ ಬಂದಾಗ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ನದಿಯ ದಂಡೆಯಲ್ಲಿ, ಹಿಂದೆ ಸಾರ್ವಜನಿಕ ಗ್ರಂಥಾಲಯವಾಗಿದ್ದ ಕಟ್ಟಡದಲ್ಲಿ, ಬೋರ್ಲಾಗ್ ಆರಂಭಿಸಿದ ವಿಶ್ವ ಆಹಾರ ಪ್ರಶಸ್ತಿಯ ಸಭಾಂಗಣವಿದೆ. 1987ರ ಮೊಟ್ಟಮೊದಲ ಪ್ರಶಸ್ತಿ ಪಡೆದವರು ಎಂ.ಎಸ್. ಸ್ವಾಮಿನಾಥನ್, 1989ರಲ್ಲಿ ಪಡೆದವರು ವರ್ಗೀಸ್ ಕುರಿಯನ್. ಭಾರತದಿಂದ ಹೋದ ಯಾರಿಗೇ ಆಗಲಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಪ್ರವಾಸದ ಕೈಪಿಡಿಯಲ್ಲಿ ಇರುವುದು ಇಷ್ಟು. ಆದರೆ ಅತಿಥಿ ಬಾಯಾರಿ ನಲ್ಲಿಯಲ್ಲಿ ಒಂದು ಲೋಟ ನೀರು ಹಿಡಿದರೆ ಕೈಪಿಡಿಯಲ್ಲಿಲ್ಲದ ಕಥೆ ಶುರುವಾಗುತ್ತದೆ. ಡಿ ಮಾಯ್ನ್ ನಗರ ಕುಡಿಯುವುದು ಎರಡು ನದಿಗಳ ನೀರು. ಒಂದರ ಹೆಸರು ಡಿ ಮಾಯ್ನ್, ಇನ್ನೊಂದು ರಕೂನ್. ಹೌದು, ನಮ್ಮ ಹುಡುಗಿಯ ಊರ ಪಕ್ಕದಲ್ಲಿ ಹರಿಯುವ ಅದೇ ರಕೂನ್ ನಗರದ ನಡುವೆ ಬಂದು ಡಿ ಮಾಯ್ನ್ ನದಿಯನ್ನು ಸೇರುತ್ತದೆ. ಆಕೆ ಕಾರಿನಲ್ಲಿ ಬಂದಳು, ಆಕೆಯ ಹೊಲದ ನೀರು ನದಿಯಲ್ಲಿ ಬಂದಿತು.

ಆ ನೀರಿನೊಡನೆ ಬಂದದ್ದು ನೈಟ್ರೇಟ್. ಇದರ ವಿಜ್ಞಾನ ಕಷ್ಟವೇನಲ್ಲ. ಮೆಕ್ಕೆಜೋಳಕ್ಕೆ ಸಾರಜನಕ ಬಹಳ ಬೇಕು. ಗೊಬ್ಬರವಾಗಿ ಹಾಕಿದ್ದೂ, ಮಣ್ಣಿನ ಸಾವಯವ ಅಂಶದಿಂದ ಹುಟ್ಟಿದ್ದೂ ಕೊನೆಗೆ ನೈಟ್ರೇಟ್ ಅಯಾನಾಗುತ್ತದೆ. ಜೇಡಿಮಣ್ಣಿನ ಕಣಗಳ ಮೇಲೆ ಇರುವುದು ಋಣ ವಿದ್ಯುದಂಶ, ನೈಟ್ರೇಟಿನದೂ ಋಣವೇ. ಸಮಾನ ಅಂಶಗಳು ವಿಕರ್ಷಿಸುವುದರಿಂದ ಮಣ್ಣು ಅದನ್ನು ಹಿಡಿದಿಡಲಾರದು, ನೀರು ಹೋದ ಕಡೆ ಅದೂ ಹೋಗುತ್ತದೆ. ಅಯೋವಾದ ಈ ಭಾಗ ಹಿಂದೆ ಜೌಗು ಹುಲ್ಲುಗಾವಲು. ಬೇಸಾಯಕ್ಕಾಗಿ ನೆಲದಡಿ ಸಾಲುಸಾಲಾಗಿ ಬಸಿಗೊಳವೆಗಳನ್ನು ಹೂತು ನೀರನ್ನು ಹೊರಹಾಕಿದ್ದಾರೆ. ವಸಂತದ ಮಳೆ ಬಿದ್ದಾಗ, ಬೆಳೆ ಇನ್ನೂ ಬೇರೂರಿರದ ಹೊಲಗಳಿಂದ ನೈಟ್ರೇಟ್ ಈ ಕೊಳವೆಗಳ ಮೂಲಕ ಹಳ್ಳಕ್ಕೆ, ಹಳ್ಳದಿಂದ ನದಿಗೆ ಬರುತ್ತದೆ.

ಕುಡಿಯುವ ನೀರಿನಲ್ಲಿ ಇದು ಹೆಚ್ಚಾದರೆ ಎಳೆಯ ಶಿಶುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ಇದನ್ನು ಬಾವಿ ನೀರಿನ ನೈಟ್ರೇಟಿನೊಡನೆ ಜೋಡಿಸಿ ಮೊದಲು ವರದಿ ಮಾಡಿದವರು ಅಯೋವಾದವರೇ ಆದ ವೈದ್ಯ ಹಂಟರ್ ಕಾಮ್ಲಿ, 1945ರಲ್ಲಿ. ಅಮೆರಿಕದಲ್ಲಿ ಮಿತಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್-ಸಾರಜನಕ. ನಮ್ಮ ಭಾರತೀಯ ಮಾನಕದಲ್ಲಿ ಇದನ್ನೇ 45 ಮಿಲಿಗ್ರಾಂ ನೈಟ್ರೇಟ್ ಎಂದು ಹೇಳುತ್ತಾರೆ, ಎರಡೂ ಹೆಚ್ಚುಕಡಿಮೆ ಒಂದೇ. ಇದು ದೂರದ ಮಾತೆಂದು ಭಾವಿಸಬೇಡಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ನೈಟ್ರೇಟ್ ಮಿತಿ ಮೀರಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಮುಂಚೂಣಿಯಲ್ಲೇ ಇತ್ತು.

ಡಿ ಮಾಯ್ನ್ ನಗರದವರು 1992ರ ವೇಳೆಗೆ ನೈಟ್ರೇಟ್ ತೆಗೆಯುವ ಘಟಕವನ್ನೇ ಕಟ್ಟಿಕೊಂಡರು. ರಾಳದ ಮಣಿಗಳ ಮೇಲೆ ನೀರು ಹರಿಸಿದರೆ ಮಣಿಗಳು ನೈಟ್ರೇಟನ್ನು ಹಿಡಿದು ಕ್ಲೋರೈಡನ್ನು ಬಿಟ್ಟುಕೊಡುತ್ತವೆ. ಇದು ಬಹಳ ದುಬಾರಿ ಕೆಲಸ. 2015ರಲ್ಲಿ ನಗರದ ನೀರು ಮಂಡಳಿ ಸ್ಯಾಕ್, ಬ್ಯೂನ ವಿಸ್ಟ, ಕ್ಯಾಲ್‌ಹೂನ್ ಎಂಬ ಮೂರು ಕೌಂಟಿಗಳ ಮೇಲೆ ದಾವೆ ಹೂಡಿತು. ನಗರದವರು ರೈತರನ್ನು ದೂಷಿಸಿದರು, ರೈತರು ನಗರದವರನ್ನು. 2017ರಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಅದೇ ವರ್ಷ ಬ್ಯೂನ ವಿಸ್ಟ ಕೌಂಟಿಯ ‘ಸ್ಟಾರ್ಮ್ ಲೇಕ್ ಟೈಮ್ಸ್’ ಎಂಬ ಪುಟ್ಟ ಪತ್ರಿಕೆಯ ಸಂಪಾದಕ ಆರ್ಟ್ ಕಲೆನ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಈ ದಾವೆಯಲ್ಲಿ ಕೌಂಟಿಗಳ ವಕೀಲರ ಖರ್ಚನ್ನು ಯಾರು ಕೊಡುತ್ತಿದ್ದಾರೆಂದು ಅವರು ಸಂಪಾದಕೀಯಗಳಲ್ಲಿ ಪಟ್ಟುಹಿಡಿದು ಕೇಳಿದ್ದರು. ವಾರಕ್ಕೆರಡು ಸಲ ಬರುತ್ತಿದ್ದ, ಮನೆಮಂದಿಯೇ ಸೇರಿ ನಡೆಸುತ್ತಿದ್ದ ಪತ್ರಿಕೆ ಅದು. ದೊಡ್ಡ ಕ್ಯಾಮೆರಾಗಳನ್ನು ಹೊತ್ತು ತಿರುಗುವ ನಮ್ಮಂಥವರಿಗೆ ಇದು ಯೋಚಿಸತಕ್ಕ ಸಂಗತಿ. ದಾವೆ ಮುಗಿದರೂ ನೈಟ್ರೇಟ್ ಮುಗಿಯಲಿಲ್ಲ. 2025ರ ಜೂನ್‌ನಲ್ಲಿ ನೈಟ್ರೇಟ್ ಏರಿದಾಗ, ಘಟಕಕ್ಕೆ ಭಾರ ತಗ್ಗಿಸಲು, ಮನೆ ಮುಂದಿನ ಹುಲ್ಲಿಗೆ ನೀರು ಹಾಯಿಸುವುದನ್ನೇ ನಿಷೇಧಿಸಬೇಕಾಯಿತು.

ನಮ್ಮ ಪ್ರಯಾಣಿಕಳ ಭಾಷಣದಲ್ಲಿ ಈ ವಿಷಯ ಇರಲಿಲ್ಲ. ಇರಬೇಕಿತ್ತೆಂದು ಹೇಳುವುದು ಸುಲಭ. ಆದರೆ ಸಭೆಯಲ್ಲಿ ಕುಳಿತಿದ್ದವರು ಆಕೆಯ ಅಪ್ಪ, ನೆರೆಯವರು, ಸಂಘಕ್ಕೆ ದೇಣಿಗೆ ಕೊಡುವ ಬೀಜ ಗೊಬ್ಬರದ ಕಂಪನಿಗಳವರು. ಸಾಲ ತೀರಿಸಬೇಕಾದ ರೈತ ‘ಇಳುವರಿ ಬಿದ್ದರೆ ನನ್ನ ಹೊಲ ಉಳಿಯುತ್ತದೆಯೇ?’ ಎಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ನನ್ನ ಅಭಿಪ್ರಾಯದಲ್ಲಿ, ಠರಾವು, ತಿದ್ದುಪಡಿ, ವಿರೋಧದ ಮಾತು ಎಂದೆಲ್ಲ ವರ್ಷಗಟ್ಟಲೆ ಕಲಿತದ್ದು ಕೆಲಸಕ್ಕೆ ಬರಬೇಕಾದದ್ದು ಇಂಥ ವಿಷಯದಲ್ಲೇ. ಹಣ್ಣಿನ ಗಿಡದ ಠರಾವಿಗೆ ಅಷ್ಟು ನಿಯಮ ಬೇಕಾಗಿಲ್ಲ.

ದಾರಿಯೂ ಇಲ್ಲದಿಲ್ಲ. ಡಿ ಮಾಯ್ನ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ ಹೋದರೆ ಪ್ರೈರಿ ಸಿಟಿಯ ಬಳಿ ನೀಲ್ ಸ್ಮಿತ್ ವನ್ಯಜೀವಿ ಧಾಮವಿದೆ. ಅಯೋವಾದ ಮೂಲ ಹುಲ್ಲುಗಾವಲಿನಲ್ಲಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಇಲ್ಲಿ ಅದನ್ನು ಬೀಜ ಹಾಕಿ ಮತ್ತೆ ಬೆಳೆಸಿದ್ದಾರೆ. ನಮ್ಮ ಕಾಟಿಯ ದೂರದ ನೆಂಟನಾದ ಬೈಸನ್ ಅಲ್ಲಿ ಮೇಯುತ್ತದೆ. 2007ರಿಂದ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇಲ್ಲಿ ಒಂದು ಪ್ರಯೋಗ ನಡೆಸಿದರು. ಹೊಲದ ನೂರು ಪಾಲಿನಲ್ಲಿ ಹತ್ತು ಪಾಲನ್ನು ಮಾತ್ರ, ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳಂತೆ, ಹಳೆಯ ಹುಲ್ಲು ಮತ್ತು ಕಾಡುಹೂಗಳಿಗೆ ಬಿಟ್ಟರು. ಕೊಚ್ಚಿ ಹೋಗುವ ಮಣ್ಣು ಶೇಕಡ 95ರಷ್ಟು ಕಡಿಮೆಯಾಯಿತು. ಮೇಲ್ಮೈಯಲ್ಲಿ ಹರಿದುಹೋಗುವ ಸಾರಜನಕವೂ ಬಹಳ ಇಳಿಯಿತು. ನೆಲದಡಿಯ ಕೊಳವೆಯ ನೀರಿಗೆ ಬೇರೆ ಉಪಾಯಗಳಿವೆ. ಮರದ ಚೂರು ತುಂಬಿದ ಗುಂಡಿಯ ಮೂಲಕ ಆ ನೀರನ್ನು ಹಾಯಿಸಿದರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಹುಲ್ಲಿನ ಪಟ್ಟಿಗೆ ಬಿಟ್ಟ ಭೂಮಿಗೆ 2019ರಿಂದ ಸರ್ಕಾರದ ಯೋಜನೆಯೊಂದು ಬಾಡಿಗೆಯನ್ನೂ ಕೊಡತೊಡಗಿತು. ಬಾಡಿಗೆ ಎಷ್ಟು, ಆ ಹತ್ತು ಎಕರೆಯಲ್ಲಿ ಜೋಳ ಬೆಳೆದರೆ ಬರುವುದೆಷ್ಟು ಎಂಬ ಲೆಕ್ಕವನ್ನು ಪ್ರತಿ ಮನೆಯಲ್ಲೂ ಬೇರೆ ಬೇರೆಯಾಗಿ ಹಾಕಬೇಕು. ಸಮ್ಮೇಳನ ಮುಗಿಸಿ ಮನೆಗೆ ಹೋಗುವ ವೇಳೆಗೆ ಏಪ್ರಿಲ್ ಮೂರನೆಯ ವಾರ. ಬಿತ್ತನೆಗೆ ಕೆಲವೇ ದಿನ ಉಳಿದಿರುತ್ತದೆ, ಅಪ್ಪ ಕೊಟ್ಟಿಗೆಯಲ್ಲಿ ಬಿತ್ತುವ ಯಂತ್ರ ಸರಿಮಾಡುತ್ತಿರುತ್ತಾರೆ. ಆ ಲೆಕ್ಕದ ಕಾಗದವನ್ನು ಅವರ ಮುಂದೆ ಹಿಡಿಯುವುದು ಕ್ರೀಡಾಂಗಣದಲ್ಲಿ ಭಾಷಣ ಮಾಡುವುದಕ್ಕಿಂತ ಕಷ್ಟ. ಅಲ್ಲಿ ಸುತ್ತಿಗೆಯೂ ಇಲ್ಲ, ಅನುಮೋದಿಸುವವರೂ ಇಲ್ಲ.